ಮೊಣಕಾಲು ಆಮೇಲೆ

ಈಸಲ್ಮಿಯಲ್ಲಿ ಬುಧವಾರ ಸಂಜೆ ಹೆಂಗಸರ ಸೌನಾ.
ಮೇಲಿನ ಹಲಗೆಯಲ್ಲಿ ಕೂತು
ಎರಡೂ ಕಣಕಾಲಿಗೆ ಟವೆಲು ಹೊದೆಸಿದ್ದೆ.
ಬೆವರು ಇಳಿದರೆ ಉರಿ:
ಮೊಣಕಾಲಿಂದ ಪಾದದ ತನಕ
ಕ್ಯಾರೆಟ್ಟು ತುರಿದ ಹಾಗೆ ಕೆಂಪು ಗೀರು,
ಹಳೆಯ ಹಕ್ಕಳೆಯ ಮೇಲೆ ಹೊಸ ಹಕ್ಕಳೆ.

ಲೆಂಪಿ ಅಜ್ಜಿಗೆ ಎಂಬತ್ತನಾಲ್ಕು.
ಕಂಡದ್ದನ್ನು ಕಾಣಲಿಲ್ಲವೆಂದು ನಟಿಸುವವಳಲ್ಲ.
ಟವೆಲು ಎತ್ತಿದಳು.
‘ಯಾರು ಮಾಡಿದ್ದು?’
ಉಳಿದ ಮೂವರು ಕಲ್ಲೊಲೆಯ ಕಡೆ ಮುಖ ತಿರುಗಿಸಿ
ಕಿವಿ ಮಾತ್ರ ಇಲ್ಲೇ ಬಿಟ್ಟರು.

‘ಕಬ್ಬಿಣ’ ಅಂದೆ.

ಯಾರಿಗೋ ನಗು ಬಂತು. ನನಗೆ ಬರಲಿಲ್ಲ.
ಹೇಳಿದೆ: ಬಸ್ ಡಿಪೋ ಹಿಂದೆ
ಟೈರು ಪೇರಿಸಿಡುತ್ತಿದ್ದ ನೆಲಮಾಳಿಗೆಯಲ್ಲಿ ಈಗ ಜಿಮ್ಮು.
ವಾರಕ್ಕೆರಡು ದಿನ, ಶಿಫ್ಟು ಮುಗಿದ ಮೇಲೆ,
ನೆಲದಲ್ಲಿ ಬಿದ್ದ ಸರಳನ್ನು ತೊಡೆಯ ತನಕ ಎತ್ತಿ ಇಳಿಸುವುದು.
ಎಪ್ಪತ್ತು ಕಿಲೊ. ಒಳ್ಳೆಯ ದಿನ ಎಂಬತ್ತು.
ಹದಿನೆಂಟು ವರ್ಷ ಸ್ಟೀರಿಂಗ್ ಹಿಡಿದು ಕೂತ ಬೆನ್ನು
ಅದೊಂದನ್ನೇ ಕೇಳಿತ್ತು.
ಇಂಗ್ಲಿಷಿನವರು ಅದರ ಹೆಸರಿಗೆ ಸಾವನ್ನು ಸೇರಿಸುತ್ತಾರಂತೆ,
ನಮ್ಮಲ್ಲಿ ಬರೀ ‘ನೆಲದಿಂದ ಎಳೆತ’.
ಏನೇ ಅನ್ನಿ, ಎತ್ತುವವಳಿಗೆ ಹೆಣಭಾರ.

ಹೇಳಿಕೊಡುವ ಯೂಸೊಗೆ ಇಪ್ಪತ್ಮೂರು.
‘ಸರಳು ಮೈಗೆ ಅಂಟಿರಲಿ, ಅಂಟಿರಲಿ’ ಅನ್ನುತ್ತಾನೆ.
ಅಂಟಿಸುತ್ತೇನೆ. ತೊಗಲೇ ಅದಕ್ಕೆ ಅಂಟಿಕೊಳ್ಳುತ್ತದೆ.
ಅದರ ಕಚ್ಚುಕಚ್ಚು ಮೈಯಲ್ಲಿ ಉಳಿದ ನನ್ನ ರಕ್ತವನ್ನು
ಸ್ಪಿರಿಟ್ಟು ಹಾಕಿ ಒರೆಸಿಟ್ಟು ಬರುತ್ತೇನೆ,
ಮುಂದೆ ಹಿಡಿಯುವವರಿಗೆ ತಿಳಿಯದ ಹಾಗೆ.
ಉದ್ದ ಕಾಲುಚೀಲ ಕೊಂಡೆ.
ಎರಡು ವಾರಕ್ಕೆ ಅದೂ ಹರಿಯಿತು.

ಅಜ್ಜಿ ನನ್ನ ಕಾಲನ್ನು ಬಲ್ಬಿನ ಕಡೆ ತಿರುಗಿಸಿದಳು,
ಮೀನು ಕೊಳ್ಳುವವರು ಕಿವಿರು ಬಿಡಿಸಿ ನೋಡುವ ಹಾಗೆ.
‘ಕೆಳಗಿನ ಗೀರು ಎತ್ತುವಾಗಿನದು.
ಚಿಪ್ಪಿನ ಮೇಲಿನದು ಇಳಿಸುವಾಗಿನದು.
ಎರಡು ಬೇರೆ ಬೇರೆ ತಪ್ಪು ನಿನ್ನವು.’

ಆಮೇಲೆ ಗೊತ್ತಾಯಿತು:
ಡೇರಿಯಲ್ಲಿ ನಲವತ್ತು ಲೀಟರಿನ ಹಾಲಿನ ಕ್ಯಾನುಗಳನ್ನು
ಹರೆಯದಲ್ಲೆಲ್ಲ ಲಾರಿಗೆ ಏರಿಸಿದವಳು.
ಹಿಮಗಟ್ಟಿದ ಆ ತಗಡಿನ ಅಂಚು
ಅವಳ ಕಾಲಲ್ಲಿ ಇನ್ನೂ ಇದೆ, ಬೆಳ್ಳಗೆ, ಬಾರ್ಲಿ ಕಾಳಿನಷ್ಟು.

ಬರಿಮೈಯಲ್ಲೇ ಎದ್ದು ನೀರಿನ ಬಕೆಟ್ಟಿನ ಮುಂದೆ ನಿಂತಳು.
‘ಭಾರದ ಹತ್ತಿರ ನೀನು ಹೋಗು,
ಅದನ್ನು ನಿನ್ನ ಹತ್ತಿರ ಕರೆಯಬೇಡ.
ಪಾದದ ನಡುವಿಗೆ ನೇರ ಇರಲಿ, ಲಾಡಿ ಕಟ್ಟುವ ಜಾಗಕ್ಕೆ.
ಕೂರಬೇಡ, ಇಲ್ಲಿ ಸ್ಟೂಲಿಲ್ಲ. ಕುಂಡೆ ಎತ್ತರಿಸು.
ಕೂತರೆ ಮೊಣಕಾಲು ಮುಂದೆ ಬಂದು ದಾರಿಗಡ್ಡ ನಿಲ್ಲುತ್ತದೆ,
ಅಡ್ಡ ನಿಂತವರನ್ನು ಭಾರ ಸವರಿಕೊಂಡೇ ಹೋಗುತ್ತದೆ.
ಕಂಕುಳಲ್ಲಿ ಪೇಪರು ಸಿಕ್ಕಿಸಿದೆ ಅಂದುಕೋ, ಬೀಳಿಸಬೇಡ.
ಇಳಿಸುವಾಗ ಮೊದಲು ಕುಂಡೆ ಹಿಂದಕ್ಕೆ.
ಎರಡು ಕೈಯಲ್ಲೂ ಸಾಮಾನಿದ್ದಾಗ
ಬಾಗಿಲನ್ನು ಯಾವುದರಿಂದ ದೂಡುತ್ತೀ? ಅದರಿಂದ.
ಭಾರ ಚಿಪ್ಪು ದಾಟಲಿ.
ಮೊಣಕಾಲು ಆಮೇಲೆ.’

ಬಕೆಟ್ಟು ಸದ್ದಿಲ್ಲದೆ ನೆಲ ಮುಟ್ಟಿತು.
ಒಂದು ಹನಿಯೂ ಚೆಲ್ಲಲಿಲ್ಲ ಅನ್ನಬಹುದಿತ್ತು,
ಚೆಲ್ಲಿತು, ಅವಳದೇ ಹೆಬ್ಬೆರಳ ಮೇಲೆ. ಬೈದುಕೊಂಡಳು.

ಶುಕ್ರವಾರ ಯೂಸೊ ಫೋನು ನೋಡುತ್ತಿದ್ದ.
ಸರಳಿನ ಮುಂದೆ ನಿಂತೆ. ಲಾಡಿ. ಕಂಕುಳು. ಬಾಗಿಲು.
ಐವತ್ತು ಕಿಲೊಗೆ ಇಳಿದಿದ್ದೆ, ನಾಚಿಕೆಯಿಲ್ಲದೆ.
ಸ್ವಲ್ಪ ಇತ್ತು.
ಮೊದಲ ನಾಲ್ಕು ಸಲ
ಬಟ್ಟೆಗೆ ಬಟ್ಟೆ ಸೋಕಿದಷ್ಟೇ ಸೋಕಿ ಹೋಯಿತು.
ಐದನೆಯದಕ್ಕೆ ಅವಸರ. ಚಿಪ್ಪು ಮತ್ತೆ ತರಚಿತು.

ಸ್ಪಿರಿಟ್ಟಿನ ಬಾಟಲಿ ತೆಗೆದು ಒರೆಸುತ್ತ
ಬುಧವಾರ ಟವೆಲು ಬೇಡ ಅಂದುಕೊಂಡೆ:
ನೋಡು ಲೆಂಪಿ, ಇದೊಂದು ಹೊಸದು,
ಮಿಕ್ಕವೆಲ್ಲ ಹಳೆಯವು.