ಪ್ರೋಡ್ರೊಮೋಸರ ಎಡಗೈ

ಬೇರೆ ದೇಶದ ಮಕ್ಕಳಿಗೆ ಈ ಹೆಸರುಗಳು ಮಂತ್ರದ ಹಾಗೆ;
ಬಾಯಿಪಾಠ ಮಾಡಿ ಗಂಭೀರವಾಗಿ ಉಚ್ಚರಿಸುತ್ತಾರೆ.
ನಮಗೆ, ಗ್ರೀಕರಿಗೆ, ಆ ಸುಖವೂ ಇಲ್ಲ.
ಮುಂಗೈಯ ಮೂಳೆಗೆ ನಾವನ್ನುವುದು ಕೆರ್ಕಿದಾ.
ಫುಟ್‌ಬಾಲ್ ಮೈದಾನದಲ್ಲಿ ನನ್ನಣ್ಣ ಅಂಗಿ ಬಿಚ್ಚಿ
ಕೂಗಾಡುವ ಮೆಟ್ಟಿಲಸಾಲಿಗೂ ಅದೇ ಹೆಸರು.
ಕಣ್ಣಪಾಪೆಗೆ ಕೋರಿ. ಎಂದರೆ, ಮಗಳು.
ಪರೀಕ್ಷೆಯಲ್ಲಿ ಪ್ರೊಫೆಸರು ಟಾರ್ಚು ಹಿಡಿದು
"ಮಗಳು ಹಿಗ್ಗಿದ್ದಾಳೋ, ಕುಗ್ಗಿದ್ದಾಳೋ?" ಎಂದಂತೆ ಕೇಳಿಸಿ
ರಾತ್ರಿಯಿಡೀ ನಿದ್ದೆಗೆಟ್ಟವಳು
"ಕುಗ್ಗಿದ್ದಾಳೆ ಸರ್" ಎಂದೆ.
ಸರಿಯುತ್ತರ. ಅರ್ಧ ಅಂಕ.

ಥೆಸಲೊನೀಕಿಯಲ್ಲಿ ನನ್ನ ಕೋಣೆ ಬ್ರೆಡ್ಡಿನಂಗಡಿಯ ಮೇಲೆ.
ನಾಲ್ಕಕ್ಕೇ ಹುರಿದ ಎಳ್ಳಿನ ವಾಸನೆ
ಅಲಾರಮ್ಮಿಗಿಂತ ಮೊದಲು ಎಬ್ಬಿಸುತ್ತದೆ.
ಅಮ್ಮ ಕೊಜಾನಿಯಿಂದ ಬಸ್ಸಿನ ಹೊಟ್ಟೆಗೆ ತುರುಕಿ ಕಳಿಸುವ ಡಬ್ಬಿ,
ಡಬ್ಬಿಗೆ ಟೇಪು, ಟೇಪಿನ ಮೇಲೆ ದಪ್ಪಕ್ಷರ:
ಡಾಕ್ಟರ್ ಝಿನೋವಿಯಾ.
ಇನ್ನೂ ನಾಲ್ಕನೇ ವರ್ಷ, ಅಮ್ಮಾ.
ಡ್ರೈವರು ಡಬ್ಬಿ ಕೊಡುವ ಮುನ್ನ ಪ್ಯಾಂಟಿನ ಕಾಲೆತ್ತಿ
ಕೆಂಪು ಗುಳ್ಳೆ ತೋರಿಸುತ್ತಾನೆ.
ಎಷ್ಟು ದಿನದಿಂದ? (ಇದೊಂದು ಪ್ರಶ್ನೆ ನನಗೆ ಚೆನ್ನಾಗಿ ಬರುತ್ತದೆ.)
ಮೂರು.
ತುರಿಸುತ್ತಾ?
ತುರಿಸುತ್ತೆ.
ಹಾಗಾದರೆ ತುರಿಸಿಕೊಳ್ಳಬೇಡಿ.
ದೊಡ್ಡ ಭಾರ ಇಳಿದವನಂತೆ ಗೇರು ಹಾಕುತ್ತಾನೆ.

ಓದಿದ ರೋಗವೆಲ್ಲ ನನಗೇ ಬಂದಿದೆ, ಅಧ್ಯಾಯದ ಕ್ರಮದಲ್ಲಿ.
ನವೆಂಬರಿಗೆ ಥೈರಾಯ್ಡು, ಜನವರಿಗೆ ಲಿವರು.
ಪ್ರಾಸ್ಟೇಟಿನ ವಾರ ಮಾತ್ರ
ಗುಂಡುಕಲ್ಲಿನಂತಿದ್ದೆ.

ಇವತ್ತು ಏಳನೇ ಹಾಸಿಗೆ. ಹೆಸರು ಪ್ರೋಡ್ರೊಮೋಸ್:
ಮುಂಚೆ ಓಡಿಬರುವವನು.
ಕಾಯಿಲೆಗೆ ಮೊದಲು ಕಾಣುವ ಸೂಚನೆಗೂ ಪುಸ್ತಕದಲ್ಲಿ ಇದೇ ಪದ.
ಹೇಳಿಬಿಟ್ಟೆ. ನಕ್ಕರು.
"ನನ್ನ ಹೆಂಡತಿಗೆ ಓದದೆಯೇ ಗೊತ್ತಿತ್ತು."
ಬಂದರಿನಲ್ಲಿ ಕ್ರೇನು ನಡೆಸಿದ ಕೈ, ಹಗ್ಗದಂಥ ರಕ್ತನಾಳ.
ಕಣ್ಣು ಮುಚ್ಚಿ ಚುಚ್ಚಬಹುದು, ಎಂದಳು ನರ್ಸ್ ಎವ್ದೊಕಿಯಾ.
ಕಣ್ಣು ತೆರೆದೇ ಚುಚ್ಚಿದೆ. ತಪ್ಪಿತು.
ಇನ್ನೊಮ್ಮೆ. ನಾಳ ಮೀನಿನ ಹಾಗೆ ಪಕ್ಕಕ್ಕೆ ಜಾರಿತು.
ಅವರು ಕಿಟಕಿಯತ್ತ ತಿರುಗಿ ಗಾಳಿಯ ಮಾತೆತ್ತಿದರು.
ವರ್ದಾರಿಸ್ ಇನ್ನು ಮೂರು ದಿನ ಬೀಸುತ್ತದಂತೆ;
ಇಂಥ ಗಾಳಿಗೆ ಅವಸರ ಮಾಡಿದವನು
ಕಂಟೇನರನ್ನು ಸಮುದ್ರಕ್ಕೆ ಹಾಕುತ್ತಾನಂತೆ.
"ನೀವು ಹಾಕಿದ್ದೀರಾ?"
"ಎರಡು. ಒಂದರಲ್ಲಿ ಬರೀ ಎಡಗಾಲಿನ ಚಪ್ಪಲಿ,
ಬಲಗಾಲಿನವು ಹಿಂದಿನ ಹಡಗಿನಲ್ಲಿ.
ಬೇಸಿಗೆಯಿಡೀ ದಡಕ್ಕೆ ಬರುತ್ತಲೇ ಇದ್ದವು,
ಒಂಟಿಕಾಲಿನ ಸೈನ್ಯ ಈಜಿಬಂದ ಹಾಗೆ."
ಹೇಳುತ್ತ ಹೇಳುತ್ತಲೇ ಇನ್ನೊಂದು ತೋಳು ಮಡಿಸಿ
ಎಡಗೈಯನ್ನು ಮುಂದಿಟ್ಟರು,
ಎರಡನೇ ಸಲ ಬಡಿಸಿಕೊಳ್ಳಲು ತಟ್ಟೆ ಚಾಚುವವರ ಹಾಗೆ.

ಬಂತು. ಕಡುಗೆಂಪು, ಕೊಳವೆಯಲ್ಲಿ ಸದ್ದಿಲ್ಲದೆ ಏರಿತು.
ಹಿಗ್ಗಿ ಅರ್ಧ ಮೆಟ್ಟಿಲು ಇಳಿದವಳು
ಲೇಬಲ್ ಅಂಟಿಸದ್ದು ನೆನಪಾಗಿ ವಾಪಸು ಓಡಿದೆ.
ಆ ಕೊಳವೆ ಗುರುವಾರ ಏನು ಹೇಳೀತೆಂದು
ಊಹಿಸುವಷ್ಟು ಓದಿದ್ದೇನೆ, ಹೇಳುವಷ್ಟಿಲ್ಲ.
ಅವರು ಕೇಳಲೂ ಇಲ್ಲ.
ಹತ್ತಿಯನ್ನು ಹೆಬ್ಬೆರಳಲ್ಲಿ ಒತ್ತಿಕೊಂಡು
ನನ್ನ ಹೆಸರು ಕೇಳಿದರು, ಡಾಕ್ಟರ್ ಬಿಟ್ಟು.

ರಾತ್ರಿ ಅಮ್ಮನ ಫೋನು. ಏನು ಮಾಡಿದೆ ಇವತ್ತು?
ರಕ್ತ ತೆಗೆದೆ.
ಎಷ್ಟು ಜನರದ್ದು?
ಒಬ್ಬರದ್ದು. ಮೂರು ಸಲ.
ಆ ಕಡೆ ಕೊಂಚ ಮೌನ. ಆಮೇಲೆ,
ಹುರುಳಿಕಾಯಿ ಹಳಸಿಲ್ಲ ತಾನೇ?