ಒಂದೂವರೆ ಗಂಟೆಯ ಕಡ

ಅಡಿಲೇಡಿನಿಂದ ಪರ್ತಿಗೆ
ಎರಡು ಸಾವಿರದ ನೂರಿಪ್ಪತ್ತು ಕಿಲೋಮೀಟರು.
ಕೋರ್ಟಿನ ಕಾಗದದಲ್ಲಿ ಎಲ್ಲ ಬರೆದಿದೆ:
ಟಿಕೆಟಿನ ಖರ್ಚು ಸರಿಪಾಲು, ಶಾಲೆಯ ರಜೆ ಸರಿಪಾಲು.
ಗಾಳಿಯ ಬಗ್ಗೆ ಮಾತ್ರ ಚಕಾರವಿಲ್ಲ.

ಗಾಳಿಗೆ ಅಲ್ಲಿ ಒಂದೇ ಹಟ,
ಪಡುವಣದಿಂದ ಮೂಡಣಕ್ಕೆ.
ಇಬ್ಬನಿ ನನ್ನತ್ತ ಬರುವಾಗ
ಮೂರು ಗಂಟೆ ಇಪ್ಪತ್ತೈದು ನಿಮಿಷ,
ಅವಳಮ್ಮನ ಕಡೆ ಮರಳುವಾಗ
ಎರಡು ಗಂಟೆ ಐವತ್ತು.
‘ಗಾಳಿ ಅಮ್ಮನ ಪಾರ್ಟಿ’ ಅಂದಿದ್ದಳು ಹೋದ ಸಲ.
ಒಂಬತ್ತು ವರ್ಷ. ಕೊರಳಲ್ಲಿ
ಒಂಟಿಯಾಗಿ ಹಾರುವ ಮಕ್ಕಳ ಹಳದಿ ಚೀಟಿ.

ನಾನು ಬಸ್ಸು ಓಡಿಸುವವನು.
ಫ್ರೀಮ್ಯಾಂಟಲಿನಿಂದ ಹೊರಟದ್ದು ಫ್ರೀಮ್ಯಾಂಟಲಿಗೇ ಬರಬೇಕು.
ಎರಡು ನಿಮಿಷ ಹಿಂದೆ ಬಿದ್ದರೆ
ಡಿಪೋದ ಡಂಕನ್ ಹುಬ್ಬೇರಿಸುತ್ತಾನೆ.
ಈ ಮೂವತ್ತೈದು ನಿಮಿಷದ ಲೆಕ್ಕ
ಯಾವ ಡಿಪೋದಲ್ಲಿ ಕೇಳಲಿ?

ಈ ಜುಲೈಯಲ್ಲಿ ಬಂದವಳನ್ನು
ಬಾಗಿಲಲ್ಲೇ ತಡೆದದ್ದು ಒಂದು ನಾಯಿ.
ಈ ರಾಜ್ಯದೊಳಕ್ಕೆ ಹೊರಗಿನ ಹಣ್ಣು ತರುವಂತಿಲ್ಲ,
ಹಣ್ಣು ಹುಡುಕುವುದೇ ಅದರ ನೌಕರಿ.
ಮೂಸಿತು,
ಇಬ್ಬನಿಯ ಪಕ್ಕ ಕುಕ್ಕರಿಸಿ ಕೂತುಬಿಟ್ಟಿತು,
ಇವಳೇ ಎನ್ನುವಂತೆ.

ಅಧಿಕಾರಿ ಚೀಲ ಬಿಚ್ಚಿದ:
ಎರಡು ಸ್ವೆಟರು, ಒಂದು ಪ್ಲಾಸ್ಟಿಕ್ ಕೊಳಲು,
ಕಾಲು ಹರಿದ ಪ್ಲಾಟಿಪಸ್.
ಹಣ್ಣಿಲ್ಲ.
‘ತಿಂದುಬಿಟ್ಟೆ’ ಅಂದಳು ಇಬ್ಬನಿ,
‘ನಲ್ಲಾರ್ಬರ್ ಮೇಲೆ. ಎರಡು.
ಸಿಪ್ಪೆ ಗ್ಲೆನಿಸ್ ಆಂಟಿ ಇಸ್ಕೊಂಡ್ರು.’
ನನ್ನ ಮೂಗಿಗೆ ಕೈ ಒಡ್ಡಿದಳು.

ಕಿತ್ತಳೆ.
ಅವಳು ಹುಟ್ಟಿದ ವರ್ಷ ಹಿತ್ತಲಲ್ಲಿ ನೆಟ್ಟದ್ದು,
ಸುಣ್ಣಕಲ್ಲಿನ ನೆಲ, ಎರಡು ದಿನ ಅಗೆದಿದ್ದೆ.
ನಾನಿದ್ದಷ್ಟು ದಿನ
ಹೂ ಬಿಟ್ಟು ಉದುರಿಸುತ್ತಿತ್ತು, ಅಷ್ಟೆ.
ವಿನುತಾ ಅದಕ್ಕೆ ಏನು ಹಾಕಿದಳೋ.

ಅಧಿಕಾರಿ ನಕ್ಕ: ವಾಸನೆ ನಮ್ಮ ಪಟ್ಟಿಯಲ್ಲಿಲ್ಲ, ಹೋಗಿ.
ನಾಯಿ ಏಳಲು ಒಪ್ಪಲಿಲ್ಲ.

ಕಾರಿನಲ್ಲಿ ಕೂತು ಕೈಗಡಿಯಾರ ತಿರುಗಿಸಿದಳು.
‘ಅಪ್ಪಾ, ಒಂಬತ್ತು ಹತ್ತಕ್ಕೆ ಹೊರಟೆ,
ಈಗ ಹನ್ನೊಂದು ಐದಕ್ಕೆ ಇಳಿದೆ.
ಎರಡು ಗಂಟೆಯೂ ಆಗಿಲ್ಲ!
ಗಡಿಯಾರ ನಿನ್ನ ಪಾರ್ಟಿ.’
ನಕ್ಕೆ.
ಅದು ಕಡ ತಂದದ್ದು ಮಗಳೇ, ಅನ್ನಲಿಲ್ಲ.

ಹದಿನಾಲ್ಕು ದಿನ ಅದರಲ್ಲೇ ನಡೆಸಿದೆವು.
ದೋಸೆ ಹುಯ್ದೆವು, ಹಂಚಿಗೆ ಹತ್ತಿದ್ದನ್ನು ಕೆರೆದು ತಿಂದೆವು.
ನನ್ನ ಬಸ್ಸಿನ ಮುಂದಿನ ಸೀಟಲ್ಲಿ ಕೂತು
ಪ್ರತಿ ಸ್ಟಾಪಿನ ಹೆಸರು ಕೂಗಿದಳು, ಯಾರೂ ಬೈಯಲಿಲ್ಲ.
ಒಂದು ರಾತ್ರಿ ಕೇಳಿದಳು:
‘ಆ ಒಂದೂವರೆ ಗಂಟೆ ಈಗ ಎಲ್ಲಿದೆ?’
‘ಖರ್ಚಾಗ್ತಿದೆ, ಮಲಗು.’

ಎರಡು ನಲವತ್ತರ ವಿಮಾನ.
ಅಲ್ಲಿಳಿದಾಗ ಅಲ್ಲಿ ಏಳು.
ಬೆನ್ನಿಗೆ ಗಾಳಿಯಿದ್ದೂ
ಗಡಿಯಾರದ ಪ್ರಕಾರ ನಾಲ್ಕು ಗಂಟೆ ಇಪ್ಪತ್ತು ನಿಮಿಷ.
ಕಡ ತೀರಿತು. ಬಡ್ಡಿ ಕೇಳಲಿಲ್ಲ, ಅದೇ ಪುಣ್ಯ.
ಇಲ್ಲಿ ಐದೂವರೆ,
ಸಮುದ್ರದ ಅಂಚಿನಲ್ಲಿ ಇನ್ನೊಂದಿಷ್ಟು ಕೆಂಪು.
ಅಲ್ಲಿ ಆಗಲೇ ಕಾರಿನ ದೀಪ ಹಚ್ಚಿ
ವಿನುತಾ ಕಾಯುತ್ತಿರುತ್ತಾಳೆ,
ಅವಳೂ ಮೊದಲು ಆ ಕೈ ಮೂಸುತ್ತಾಳೇನೋ.

ಹೊರಡುವ ಮುಂಚೆ ಯಾವಾಗಲೋ
ನನ್ನ ಕಾರಿನ ಗಡಿಯಾರವನ್ನು
ಅಡಿಲೇಡಿಗೆ ತಿರುಗಿಸಿ ಹೋಗಿದ್ದಾಳೆ ಹುಡುಗಿ.
ಸರಿಮಾಡಿಲ್ಲ.
ದಿನಾ ಬೆಳಿಗ್ಗೆ ಡಿಪೋದ ದಾರಿಯಲ್ಲಿ
ಅದು ಹೇಳುತ್ತದೆ: ಒಂದೂವರೆ ಗಂಟೆ ತಡ.
ಹೌದಪ್ಪಾ ಅನ್ನುತ್ತೇನೆ,
ನಿಧಾನವಾಗಿಯೇ ಓಡಿಸುತ್ತೇನೆ.