ಹನ್ನೆರಡನೇ ಟರ್ಮಿನಲ್

ಡಂಡೀ. ಕಾಲೇಜಿನ ನೆಲಮಾಳಿಗೆ. ರಾತ್ರಿಪಾಳಿ.
ಯಂತ್ರ ಒಂದು, ಕೂತವರು ಮೂವತ್ತು ಮಂದಿ,
ಒಂದೇ ಒಲೆಯ ಮೇಲೆ ಮೂವತ್ತು ಮನೆಯ ಅಡುಗೆ.
ಯಾರ ಪಾತ್ರೆಯಲ್ಲಿ ಏನು ಬೇಯುತ್ತಿದೆ
ಕೇಳಬಾರದು. ನಾನೂ ಕೇಳಿದವಳಲ್ಲ,

ಕಿನ್‌ಲಾಕ್ ಸಾಹೇಬರು ಒದ್ದೆ ಕೋಟು ಬಿಚ್ಚದೆ
‘ಹನ್ನೆರಡರ ಮೇಲೆ ಒಂದು ಕಣ್ಣಿರಲಿ’ ಅನ್ನುವ ತನಕ.
ದಿನಾ ರಾತ್ರಿ ನಾಲ್ಕು ತಾಸು ಕೂರುತ್ತಾಳಂತೆ,
ಒಂದು ಫೈಲೂ ಉಳಿಸುವುದಿಲ್ಲವಂತೆ.
ಏನೋ ಇದೆ, ಎಂದರು.

ಒಂದು ಸಾಲಿನ ಆಜ್ಞೆ ಸಾಕು.
ಬೀಗ ಮುರಿಯಬೇಕಿಲ್ಲ, ಕದ ಕಿರುಗುಟ್ಟುವುದಿಲ್ಲ.
ಅವಳ ಪರದೆ ನನ್ನ ಪರದೆಯೊಳಗೆ
ಹಸಿರಾಗಿ ಎದ್ದು ಬಂತು.
ಎಲ್ಸ್‌ಪೆತ್ ರೆನ್ನಿ. ಟೇ ನದಿಯ
ಉಬ್ಬರವಿಳಿತದ ಲೆಕ್ಕ ಅವಳ ಓದು.

ಲೆಕ್ಕ ಇರಲಿಲ್ಲ.
‘ಪ್ರೀತಿಯ ಡಗ್ಗಿ’ ಎಂದು ಮೂಡಿತು.
ಅಳಿಯಿತು, ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರ,
ದಾರ ಎಳೆದಷ್ಟೂ ಬಿಚ್ಚಿಕೊಳ್ಳುವ ಸ್ವೆಟರಿನ ಹಾಗೆ.
ಆಮೇಲೆ ಬರೀ ‘ಡಗ್ಗಿ’.
ಏಳು ನಿಮಿಷ ಬರೀ ‘ಡಗ್ಗಿ’.
‘ಅಪ್ಪನ ದೋಣಿ ಮಾರಿದೆ.’ ಅಳಿಸಿದಳು.
‘ದೋಣಿಯನ್ನು ಯಾರೂ ಕೇಳಲಿಲ್ಲ.’ ಅದನ್ನೂ.
‘ನೀನು ಬರಬಹುದಿತ್ತು’
ಎಂಬಲ್ಲಿ ಚುಕ್ಕಿ ಇಡದೆ ಎದ್ದು ಹೋದಳು.

ಕಣ್ಮುಚ್ಚಿ ಹಾಲು ಕುಡಿವ ಬೆಕ್ಕಿಗೆ ಗಾದೆಯುಂಟು.
ಕಣ್ತೆರೆದೇ ಕುಡಿದ ಬೆಕ್ಕಿಗೆ?

ಎರಡನೇ ರಾತ್ರಿ ಸಾಹೇಬರು ಹೇಳಿದ್ದಕ್ಕಲ್ಲ ನಾನು ನೋಡಿದ್ದು.
ದೋಣಿಗೆ ಏನಾಯಿತೆಂದು ತಿಳಿಯಬೇಕಿತ್ತು.
ಡಗ್ಗಿಗೆ ಒಂದಕ್ಷರ ತಲುಪಲಿಲ್ಲ,
ಅವಳು ಅಳಿಸಿದ್ದೆಲ್ಲ ನನ್ನಲ್ಲಿ ಉಳಿಯಿತು:
ಆಸ್ಪತ್ರೆಯ ಚೀಟಿ, ಬೂಟುಗಳನ್ನು ಯಾರಿಗೆ ಕೊಡುವುದು,
ಎರಡು ಸಲ ಬರೆದು ಎರಡು ಸಲ ನುಂಗಿದ ಒಂದು ಬೈಗುಳ.

ಮೂರನೇ ರಾತ್ರಿ, ಒಂದೂವರೆಗೆ,
ಪತ್ರದ ನಡುವೆ ನಿಲ್ಲಿಸಿ
ಯಾರು ಯಾರು ಇದ್ದಾರೆ, ಏನು ಮಾಡುತ್ತಿದ್ದಾರೆ
ಎಂದು ಯಂತ್ರವನ್ನೇ ಕೇಳಿದಳು.
ಯಂತ್ರಕ್ಕೆ ಸುಳ್ಳು ಬಾರದು.
ಪಟ್ಟಿಯ ಕೊನೆಗೆ ನನ್ನ ಹೆಸರು, ವಾರಿಜ,
ಅದರ ಎದುರಿಗೆ, ನಾನೇ ಟೈಪಿಸಿದ ಆಜ್ಞೆ,
ಇದ್ದದ್ದು ಇದ್ದ ಹಾಗೆ.

ಕರ್ಸರ್ ಮಿಟುಕಿತು. ಸೇತುವೆಯ ಮೇಲೆ
ಗೂಡ್ಸ್ ರೈಲೊಂದು ಪೂರ್ತಿ ದಾಟಿತು.
ಬೈಯುತ್ತಾಳೆಂದು ಕಾದೆ, ಬೈದರೆ ಹಗುರ.

‘ಕೆಳಗೆ ಚಳಿಯಾ?’
ಬರೆದಳು. ಅಳಿಸಲಿಲ್ಲ.

ಹೌದು, ಎಂದು ಟೈಪಿಸಿದೆ, ನನ್ನ ಪರದೆಯಲ್ಲಿ.
ನೋಡುವವಳಿಗೆ ಮಾತಿನ ದಾರಿ ಕೊಟ್ಟಿರಲಿಲ್ಲ ಯಾರೂ.
ಸ್ವಲ್ಪ ಹೊತ್ತು ಅದನ್ನೇ ನೋಡಿದೆ,
ಆಮೇಲೆ ಬಲದಿಂದ ಎಡಕ್ಕೆ.

ಬೆಳಿಗ್ಗೆ ಸಾಹೇಬರ ರಿಜಿಸ್ಟರಿನಲ್ಲಿ, ಪೆನ್ನಿನಲ್ಲಿ:
‘ಹನ್ನೆರಡು. ಉಬ್ಬರವಿಳಿತದ ಲೆಕ್ಕ.
ಇನ್ನೂ ಸಮಯ ಬೇಕಾದೀತು.’